ನಕ್ಷತ್ರದ ಮಿತಿ ಕಂಡ ಚಂದ್ರಶೇಖರ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದರು. ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ; ಹಾಗೆ ಎಣಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ನನ್ನ ಮನಸ್ಸಿಗೆ ಬಂದದ್ದು ಬೇರೆ. ಹಿರೇಗುಂಟನೂರಿನಲ್ಲಿ ಕರೆಂಟು ಹೋದ ರಾತ್ರಿ ಮಾಳಿಗೆಯ ಮೇಲೆ ಮಲಗಿ ನಕ್ಷತ್ರ ನೋಡದವರು ನಮ್ಮ ಬ್ಯಾಚಿನಲ್ಲಿ ಯಾರೂ ಇರಲಿಲ್ಲ. ಆ ನಕ್ಷತ್ರಗಳು ಕೊನೆಗೆ ಏನಾಗುತ್ತವೆ ಎಂದು ಹತ್ತೊಂಬತ್ತನೆಯ ವಯಸ್ಸಿನಲ್ಲೇ ಲೆಕ್ಕ ಹಾಕಿದವರೊಬ್ಬರಿದ್ದರು. ಲೆಕ್ಕ ಸರಿಯಾಗಿದ್ದರೂ ತುಂಬಿದ ಸಭೆಯಲ್ಲಿ ನಗೆಪಾಟಲಾದರು. ಆಮೇಲೂ ಅರವತ್ತು ವರ್ಷ ತಲೆ ತಗ್ಗಿಸಿ ಕೆಲಸ ಮಾಡಿದರು. ಅವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ನಮ್ಮ ಶಾಲೆಯ ಈಗಿನ ಮಕ್ಕಳಿಗೆ ಹೇಳಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ಕಥೆ ಇಲ್ಲ.

ಚಂದ್ರಶೇಖರ್ ಹುಟ್ಟಿದ್ದು 1910ರ ಅಕ್ಟೋಬರ್ 19ರಂದು, ಆಗ ಭಾರತದಲ್ಲೇ ಇದ್ದ ಲಾಹೋರಿನಲ್ಲಿ. ತಂದೆ ಸುಬ್ರಹ್ಮಣ್ಯ ಅಯ್ಯರ್ ರೈಲ್ವೆಯ ಲೆಕ್ಕಪತ್ರ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ತಾಯಿ ಸೀತಾಲಕ್ಷ್ಮಿ ಶಾಲೆಯಲ್ಲಿ ಹೆಚ್ಚು ಓದದಿದ್ದರೂ ಮನೆಯಲ್ಲೇ ಇಂಗ್ಲಿಷ್ ಕಲಿತು, ಇಬ್ಸನ್ನನ ನಾಟಕವೊಂದನ್ನು ತಮಿಳಿಗೆ ಅನುವಾದಿಸಿದವರು. ಹತ್ತು ಮಕ್ಕಳ ತುಂಬು ಸಂಸಾರ. ಗಂಡುಮಕ್ಕಳಲ್ಲಿ ಚಂದ್ರಶೇಖರರೇ ಹಿರಿಯರು. ಮುಂದೆ ಮನೆ ಮದ್ರಾಸಿಗೆ ಬಂತು. ಹನ್ನೆರಡು ವರ್ಷದವರೆಗೆ ಅವರಿಗೆ ಪಾಠವೆಲ್ಲ ಮನೆಯಲ್ಲೇ. ಆಮೇಲೆ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲು, ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜು.

ತಂದೆಯ ತಮ್ಮ ಸರ್ ಸಿ.ವಿ. ರಾಮನ್. ಮುಂದೆ ಬೆಂಗಳೂರಿಗೆ ಬಂದು, 1933ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ಭಾರತೀಯ ನಿರ್ದೇಶಕರಾದವರು ಇವರೇ. ಇಂಥ ಚಿಕ್ಕಪ್ಪನಿದ್ದರೂ ಹುಡುಗನ ದಾರಿ ಸುಲಭದ್ದೇನೂ ಆಗಿರಲಿಲ್ಲ. ಮಗ ಐ.ಸಿ.ಎಸ್. ಪರೀಕ್ಷೆ ಬರೆದು ಅಧಿಕಾರಿಯಾಗಲಿ ಎಂಬುದು ತಂದೆಯ ಆಸೆ. ಗಣಿತ ಓದಬೇಕೆಂಬುದು ಮಗನ ಆಸೆ. ಕೊನೆಗೆ ಭೌತವಿಜ್ಞಾನಕ್ಕೆ ಒಪ್ಪಿಕೊಂಡರು. ಮನಸ್ಸಿಗೆ ಬಂದದ್ದನ್ನೇ ಓದು ಎಂದು ಮಗನ ಬೆನ್ನಿಗೆ ನಿಂತವರು ತಾಯಿ. 1920ರಲ್ಲಿ ಗಣಿತಜ್ಞ ರಾಮಾನುಜನ್ ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಇನ್ನೂ ಹತ್ತು ತುಂಬದ ಮಗನಿಗೆ ಹೇಳಿದವರೂ ಅವರೇ. ನಮ್ಮ ನಾಡಿನ ಬಡ ಗುಮಾಸ್ತನೊಬ್ಬ ಕೇಂಬ್ರಿಡ್ಜಿಗೆ ಹೋಗಿ ಹೆಸರು ಮಾಡಿದ್ದ ಎಂಬ ಸಂಗತಿ ಆ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು.

1928ರಲ್ಲಿ ಜರ್ಮನಿಯ ಹೆಸರಾಂತ ಭೌತವಿಜ್ಞಾನಿ ಸಾಮರ್‌ಫೆಲ್ಡ್ ಮದ್ರಾಸಿಗೆ ಬಂದಿದ್ದರು. ಚಂದ್ರಶೇಖರ್ ಅವರು ಬರೆದ ಪುಸ್ತಕವನ್ನು ಪೂರ್ತಿ ಓದಿ ಅರಗಿಸಿಕೊಂಡಿದ್ದರು. ಧೈರ್ಯ ಮಾಡಿ ಹೋಗಿ ಭೇಟಿಯಾದರು. ಆದರೆ ಆ ಪುಸ್ತಕದ ಭೌತವಿಜ್ಞಾನ ಆಗಲೇ ಹಳತಾಗಿತ್ತು. ಯೂರೋಪಿನಲ್ಲಿ ಕ್ವಾಂಟಂ ಸಿದ್ಧಾಂತ ಎಲ್ಲವನ್ನೂ ಬದಲಾಯಿಸಿತ್ತು. ಕಲಿತದ್ದೆಲ್ಲ ಹಳೆಯದು ಎಂದು ಗೊತ್ತಾದಾಗ ನಮ್ಮಂಥವರು ಕುಸಿದು ಕೂರುತ್ತೇವೆ. ಹದಿನೆಂಟರ ಆಸುಪಾಸಿನ ಚಂದ್ರಶೇಖರ್ ಹೊಸ ಲೇಖನಗಳನ್ನು ತಂದು ಓದಿ, ಆ ಹೊಸ ವಿಧಾನದಲ್ಲೇ ಒಂದು ಪ್ರಬಂಧ ಬರೆದರು. ಕೇಂಬ್ರಿಡ್ಜಿನ ಫೌಲರ್ ಅವರ ಮೂಲಕ ಅದು 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಗಿನ್ನೂ ಅವರು ಡಿಗ್ರಿ ವಿದ್ಯಾರ್ಥಿ.

ಡಿಗ್ರಿ ಮುಗಿಯುತ್ತಿದ್ದಂತೆ ಇಂಗ್ಲೆಂಡಿಗೆ ಹೋಗಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಸಿಕ್ಕಿದ ಸಂತೋಷವನ್ನು ಅನುಭವಿಸುವಂತಿರಲಿಲ್ಲ, ಏಕೆಂದರೆ ತಾಯಿ ಹಾಸಿಗೆ ಹಿಡಿದಿದ್ದರು. ಹೋದರೆ ಮತ್ತೆ ನೋಡುವುದು ಅನುಮಾನವೆಂದು ಎಲ್ಲರಿಗೂ ಗೊತ್ತಿತ್ತು. ಹೋಗಲೇಬೇಕು ಎಂದು ಪಟ್ಟು ಹಿಡಿದು ಕಳಿಸಿದವರು ಆ ತಾಯಿಯೇ. 1930ರ ಜುಲೈ ಕೊನೆಗೆ ಚಂದ್ರಶೇಖರ್ ಮುಂಬಯಿಯಲ್ಲಿ ಹಡಗು ಹತ್ತಿದರು. ಮರುವರ್ಷ ಮೇ ತಿಂಗಳಲ್ಲಿ ತಾಯಿ ತೀರಿಕೊಂಡರು, ಮಗ ಕೇಂಬ್ರಿಡ್ಜಿನಲ್ಲಿದ್ದರು.

ಆ ಹಡಗಿನ ಪ್ರಯಾಣದಲ್ಲೇ ಅವರು ಮಾಡಿದ ಲೆಕ್ಕ ಇಂದಿಗೂ ಅವರ ಹೆಸರಿನಲ್ಲಿದೆ. ಅದು ಏನೆಂದು ಹೈಸ್ಕೂಲಿನ ವಿಜ್ಞಾನದಲ್ಲೇ ಹೇಳಲು ಪ್ರಯತ್ನಿಸುತ್ತೇನೆ.

ನಕ್ಷತ್ರವೆಂದರೆ ತನ್ನ ಭಾರಕ್ಕೆ ತಾನೇ ಕುಸಿಯಲು ನೋಡುವ ಅನಿಲದ ಉಂಡೆ. ಒಳಗೆ ಹೈಡ್ರೋಜನ್ ಸೇರಿ ಹೀಲಿಯಂ ಆಗುವಾಗ ಹುಟ್ಟುವ ಶಾಖ ಅದನ್ನು ಕುಸಿಯದಂತೆ ಹಿಡಿದಿರುತ್ತದೆ. ಇಂಧನ ಮುಗಿದ ಮೇಲೆ ಸೂರ್ಯನಂಥ ನಕ್ಷತ್ರ ಭೂಮಿಯಷ್ಟು ಗಾತ್ರಕ್ಕೆ ಕುಗ್ಗಿ ಶ್ವೇತಕುಬ್ಜವಾಗುತ್ತದೆ. ಅಲ್ಲಿ ಶಾಖವಿಲ್ಲದಿದ್ದರೂ ಕುಸಿತ ನಿಲ್ಲುವುದು ಇಲೆಕ್ಟ್ರಾನುಗಳಿಂದ. ಬಸ್ಸಿನಲ್ಲಿ ಒಂದು ಸೀಟಿಗೆ ಒಬ್ಬರೇ ಎಂಬ ನಿಯಮವಿದೆ ಎಂದುಕೊಳ್ಳಿ. ಮುಂದಿನ ಸೀಟುಗಳು ತುಂಬಿದರೆ ಉಳಿದವರು ಹಿಂದೆ ಹಿಂದೆ ಹೋಗಲೇಬೇಕು. ಇಲೆಕ್ಟ್ರಾನುಗಳಿಗೂ ಅಂಥದೇ ನಿಯಮ. ಕಡಿಮೆ ಶಕ್ತಿಯ ಸ್ಥಾನಗಳು ತುಂಬಿದ ಮೇಲೆ ಉಳಿದವು ಹೆಚ್ಚು ಹೆಚ್ಚು ಶಕ್ತಿಯ ಸ್ಥಾನಗಳಿಗೆ ಹೋಗಿ ವೇಗವಾಗಿ ಓಡಾಡಬೇಕು. ಆ ಓಟವೇ ಒತ್ತಡವಾಗಿ ನಕ್ಷತ್ರವನ್ನು ಹಿಡಿದು ನಿಲ್ಲಿಸುತ್ತದೆ. ಇಷ್ಟನ್ನು ಫೌಲರ್ ಮೊದಲೇ ಹೇಳಿದ್ದರು.

ಚಂದ್ರಶೇಖರ್ ಹಡಗಿನಲ್ಲಿ ಕೂತು ಕೇಳಿಕೊಂಡದ್ದು ಅದರ ಮುಂದಿನ ಪ್ರಶ್ನೆ. ನಕ್ಷತ್ರದ ತೂಕ ಹೆಚ್ಚಿದಷ್ಟೂ ಇಲೆಕ್ಟ್ರಾನುಗಳು ವೇಗವಾಗಿ ಓಡಬೇಕು. ಆದರೆ ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು. ಹಾಗಾದರೆ ಎಲ್ಲೋ ಒಂದು ಕಡೆ ಒತ್ತಡ ಸೋಲಲೇಬೇಕು. ಲೆಕ್ಕ ಮಾಡಿದರೆ ನಿಜಕ್ಕೂ ಸೋಲುತ್ತಿತ್ತು. ಒಂದು ಮಿತಿಗಿಂತ ಭಾರವಾದ ನಕ್ಷತ್ರ ಶ್ವೇತಕುಬ್ಜವಾಗಿ ನಿಲ್ಲಲಾರದು, ಕುಸಿಯುತ್ತಲೇ ಹೋಗುತ್ತದೆ. 1931ರಲ್ಲಿ ಪ್ರಕಟವಾದ ಮೊದಲ ಲೆಕ್ಕದಲ್ಲಿ ಮಿತಿ ಸೂರ್ಯನ 0.91ರಷ್ಟಿತ್ತು, ಮುಂದೆ ನಕ್ಷತ್ರದ ಒಳಗಿನ ವಸ್ತುವನ್ನು ಸರಿಯಾಗಿ ಗಣನೆಗೆ ತೆಗೆದುಕೊಂಡಾಗ 1.44 ಆಯಿತು. ಅದೇ ಕಾಲಕ್ಕೆ ಆಂಡರ್ಸನ್ ಮತ್ತು ಸ್ಟೋನರ್ ಎಂಬಿಬ್ಬರು ಬೇರೆ ದಾರಿಯಲ್ಲಿ ಇಂಥದೇ ಮಿತಿಯ ಹತ್ತಿರ ಬಂದಿದ್ದರು. ನಕ್ಷತ್ರದ ರಚನೆಯೊಳಗೆ ಇಳಿದು ಅದನ್ನು ಪೂರ್ತಿ ಸಾಧಿಸಿದವರು ಚಂದ್ರಶೇಖರ್. ಇಂದು ಜಗತ್ತು ಅದನ್ನು ಚಂದ್ರಶೇಖರ್ ಮಿತಿ ಎನ್ನುತ್ತದೆ.

1933ರಲ್ಲಿ ಅವರಿಗೆ ಡಾಕ್ಟರೇಟ್ ಬಂತು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆದರು. ರಾಮಾನುಜನ್ ನಂತರ ಆ ಗೌರವ ಪಡೆದ ಭಾರತೀಯರು ಅವರೇ. ಆ ಕಾಲೇಜಿನಲ್ಲೇ ಇದ್ದ ಆರ್ಥರ್ ಎಡಿಂಗ್ಟನ್ ಆಗ ಖಗೋಳ ವಿಜ್ಞಾನದಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು. 1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನ್ ಹೇಳಿದ್ದು ಸರಿಯೆಂದು ತೋರಿಸಿಕೊಟ್ಟವರು. ಮದ್ರಾಸಿನಲ್ಲಿ ಓದುವಾಗ ಚಂದ್ರಶೇಖರರಿಗೆ ಬಹುಮಾನವಾಗಿ ಬಂದಿದ್ದ ನಕ್ಷತ್ರಗಳ ಪುಸ್ತಕ ಇವರೇ ಬರೆದದ್ದು. 1934ರಲ್ಲಿ ಚಂದ್ರಶೇಖರ್ ತಮ್ಮ ಲೆಕ್ಕವನ್ನು ಯಾವ ಅಂದಾಜೂ ಇಲ್ಲದಂತೆ ಮತ್ತೆ ಪೂರ್ತಿ ಮಾಡತೊಡಗಿದಾಗ ಎಡಿಂಗ್ಟನ್ ಆಗಾಗ ಅವರ ಕೋಣೆಗೆ ಬಂದು ಎಷ್ಟಾಯಿತೆಂದು ವಿಚಾರಿಸುತ್ತಿದ್ದರು. ಲೆಕ್ಕ ಮಾಡಲು ಕೈಯಿಂದ ತಿರುಗಿಸುವ ಯಂತ್ರವನ್ನು ಕೊಡಿಸಲೂ ನೆರವಾದರು.

1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆ. ಚಂದ್ರಶೇಖರರಿಗೆ ಇಪ್ಪತ್ನಾಲ್ಕು ವರ್ಷ. ತಮ್ಮ ಫಲಿತಾಂಶವನ್ನು ಮಂಡಿಸಿ ಕೂತರು. ಅವರ ಹಿಂದೆಯೇ ಎದ್ದವರು ಎಡಿಂಗ್ಟನ್. ತಿಂಗಳುಗಟ್ಟಲೆ ಕೋಣೆಗೆ ಬಂದು ಹೋಗುತ್ತಿದ್ದರೂ ಒಂದು ಮಾತನ್ನೂ ಮುಂಚೆ ಹೇಳದಿದ್ದವರು, ಎಲ್ಲರ ಮುಂದೆ ಈ ಮಿತಿ ಎಂಬುದೇ ಸುಳ್ಳು ಎಂದರು. ಈ ಲೆಕ್ಕ ಒಪ್ಪಿದರೆ ನಕ್ಷತ್ರ ಕುಗ್ಗುತ್ತಾ ಹೋಗಿ ಕೊನೆಗೆ ಅದರ ಬೆಳಕೂ ಹೊರಬರದಂತಾಗುತ್ತದೆ. ಪ್ರಕೃತಿ ಇಂಥ ಅಸಂಬದ್ಧಕ್ಕೆ ಎಡೆ ಕೊಡುವುದಿಲ್ಲ ಎಂಬುದು ಅವರ ವಾದದ ಸಾರ. ಸಭೆಯಲ್ಲಿ ನಗು ಎದ್ದಿತು. ಚಂದ್ರಶೇಖರರಿಗೆ ಉತ್ತರಿಸಲು ಅವಕಾಶ ಸಿಗಲಿಲ್ಲ. ಹೊರಗೆ ಬಂದಾಗ ಒಬ್ಬೊಬ್ಬರೇ ಬಂದು ಸಮಾಧಾನ ಹೇಳಿದರು, ಲೆಕ್ಕ ಸರಿಯೆಂದು ಯಾರೂ ಹೇಳಲಿಲ್ಲ.

ಒಂದು ವಿಚಿತ್ರವನ್ನು ಗಮನಿಸಬೇಕು. ಬೆಳಕೂ ಹೊರಬರದ ವಸ್ತು ಎಂದು ಎಡಿಂಗ್ಟನ್ ತಮಾಷೆಗೆ ವರ್ಣಿಸಿದ್ದು ಇವತ್ತು ನಾವು ಕಪ್ಪುಕುಳಿ ಎನ್ನುವುದನ್ನೇ. ದಾರಿ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಸ್ಪಷ್ಟವಾಗಿ ಕಂಡಿತ್ತು, ನಂಬಲು ಮಾತ್ರ ಮನಸ್ಸು ಬರಲಿಲ್ಲ.

ಬೋರ್, ಪೌಲಿಯಂಥ ಭೌತವಿಜ್ಞಾನಿಗಳು ಚಂದ್ರಶೇಖರರ ಲೆಕ್ಕದಲ್ಲಿ ತಪ್ಪಿಲ್ಲವೆಂದು ಖಾಸಗಿಯಾಗಿ ಒಪ್ಪಿದರು. ಬಹಿರಂಗವಾಗಿ ಎದ್ದು ಹೇಳಲು ಮುಂದಾಗಲಿಲ್ಲ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲೂ ಎಡಿಂಗ್ಟನ್ ಮತ್ತೆ ಅದನ್ನು ಅಲ್ಲಗಳೆದರು. ಉತ್ತರ ಕೊಡುತ್ತೇನೆಂದು ಚಂದ್ರಶೇಖರ್ ಅಧ್ಯಕ್ಷರಿಗೆ ಚೀಟಿ ಕಳಿಸಿದರೆ, ಬೇಡವೆಂಬ ಉತ್ತರ ಬಂತು.

ಈ ಭಾಗ ಓದುವಾಗಲೆಲ್ಲ ನನಗೆ ನನ್ನದೇ ಒಂದು ಸಣ್ಣ ಸಂಗತಿ ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೀಟಿಂಗಿನಲ್ಲಿ ಪ್ರೋಗ್ರಾಮಿನ ಒಂದು ತಪ್ಪನ್ನು ತೋರಿಸಿದೆ. ನನ್ನ ಇಂಗ್ಲಿಷ್ ತಡವರಿಸಿತು. ಹಿರಿಯರೊಬ್ಬರು ನಕ್ಕರು, ಉಳಿದವರೂ ನಕ್ಕರು. ನಾನು ಸುಮ್ಮನಾದೆ. ಕೆಲವು ತಿಂಗಳ ಮೇಲೆ ಆ ತಪ್ಪು ಅಲ್ಲೇ ಕಾಣಿಸಿಕೊಂಡು ಎಲ್ಲರೂ ಎರಡು ರಾತ್ರಿ ನಿದ್ದೆಗೆಟ್ಟು ಸರಿಮಾಡಬೇಕಾಯಿತು. ನಾನು ಹೇಳಿದ್ದೆನಲ್ಲ ಎಂಬ ಸಿಟ್ಟಿಗಿಂತ, ಅವತ್ತು ಬರೆದಾದರೂ ಇಡಬಹುದಿತ್ತಲ್ಲ ಎಂಬ ನಾಚಿಕೆ ನನ್ನಲ್ಲಿ ಇನ್ನೂ ಇದೆ. ಚಂದ್ರಶೇಖರ್ ಮಾಡಿದ್ದು ಅದನ್ನೇ. ಕೂಗಾಡಲಿಲ್ಲ, ಲೆಕ್ಕವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಎಲ್ಲವನ್ನೂ ಸೇರಿಸಿ 1939ರಲ್ಲಿ ನಕ್ಷತ್ರಗಳ ರಚನೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದು ಮುಗಿಸಿ, ಬೇರೆ ವಿಷಯಕ್ಕೆ ಹೊರಟರು.

ಅಷ್ಟರಲ್ಲಿ ಅವರು ಇಂಗ್ಲೆಂಡ್ ಬಿಟ್ಟಿದ್ದರು. 1936ರಲ್ಲಿ ಮದ್ರಾಸಿಗೆ ಬಂದು ಲಲಿತಾ ದೊರೈಸ್ವಾಮಿ ಅವರನ್ನು ಮದುವೆಯಾದರು. ಲಲಿತಾ ಅವರೂ ಅದೇ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ಓದಿದವರು. 1937ರ ಆರಂಭದಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು. ವಿಶ್ವವಿದ್ಯಾಲಯದ ಯರ್ಕಿಸ್ ವೀಕ್ಷಣಾಲಯ ಇದ್ದದ್ದು ದೂರದ ವಿಲಿಯಮ್ಸ್ ಬೇ ಎಂಬ ಸಣ್ಣ ಊರಿನಲ್ಲಿ. ಕಪ್ಪು ಬಣ್ಣದವರು ಶಿಕಾಗೊದಲ್ಲಿ ಪಾಠ ಮಾಡುವುದು ಬೇಡವೆಂದು ಅಲ್ಲಿನ ಅಧಿಕಾರಿಯೊಬ್ಬರು ಅಡ್ಡಿ ಮಾಡಿದಾಗ ವಿಶ್ವವಿದ್ಯಾಲಯದ ಅಧ್ಯಕ್ಷ ಹಚಿನ್ಸ್ ಅದನ್ನು ತಳ್ಳಿಹಾಕಿದರು. ಆ ವಿಶ್ವವಿದ್ಯಾಲಯವನ್ನು ಚಂದ್ರಶೇಖರ್ ಸಾಯುವವರೆಗೂ ಬಿಡಲಿಲ್ಲ.

ಅವರ ಕೆಲಸದ ಕ್ರಮ ವಿಶೇಷವಾದದ್ದು. ಒಂದು ವಿಷಯ ಹಿಡಿದರೆ ಸುಮಾರು ಹತ್ತು ವರ್ಷ ಅದರಲ್ಲೇ ಮುಳುಗಿ, ಪ್ರಬಂಧಗಳ ಮೇಲೆ ಪ್ರಬಂಧ ಬರೆದು, ಕೊನೆಗೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಕಟ್ಟಿಟ್ಟು ಎದ್ದುಬಿಡುವುದು. ಆಮೇಲೆ ಮತ್ತೆ ಒಂದನೇ ಕ್ಲಾಸಿನ ಹುಡುಗನಂತೆ ಹೊಸ ವಿಷಯ. ನಕ್ಷತ್ರಗಳ ಚಲನೆ, ವಾತಾವರಣದಲ್ಲಿ ಬೆಳಕಿನ ಪ್ರಯಾಣ, ದ್ರವಗಳ ಸ್ಥಿರತೆ, ತಿರುಗುವ ಗೋಳಗಳ ಆಕಾರ ಹೀಗೆ ಒಂದಾದ ಮೇಲೊಂದು. 1952ರಿಂದ 1971ರವರೆಗೆ ಆಸ್ಟ್ರೋಫಿಸಿಕಲ್ ಜರ್ನಲ್ ಪತ್ರಿಕೆಯ ಸಂಪಾದಕರಾಗಿದ್ದು, ಒಂದು ವಿಶ್ವವಿದ್ಯಾಲಯದ ಪತ್ರಿಕೆಯನ್ನು ಇಡೀ ದೇಶದ ಪತ್ರಿಕೆಯನ್ನಾಗಿ ಬೆಳೆಸಿದರು. 1940ರ ದಶಕದಲ್ಲಿ ಚಳಿಗಾಲದ ಹಿಮದಲ್ಲೂ ನೂರು ಕಿಲೋಮೀಟರಿಗಿಂತ ಹೆಚ್ಚು ದೂರ ಕಾರು ಓಡಿಸಿಕೊಂಡು ಶಿಕಾಗೊಗೆ ಹೋಗಿ, ಇಬ್ಬರೇ ವಿದ್ಯಾರ್ಥಿಗಳಿದ್ದ ತರಗತಿಗೆ ಪಾಠ ಮಾಡುತ್ತಿದ್ದರೆಂಬ ಕಥೆಯನ್ನು ಅಧ್ಯಾಪಕರು ಇಂದಿಗೂ ಹೇಳುತ್ತಾರೆ. ಆ ಇಬ್ಬರು ಲೀ ಮತ್ತು ಯಾಂಗ್. 1957ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಗುರುವಿಗೆ ಬಂದದ್ದು ಇಪ್ಪತ್ತಾರು ವರ್ಷ ತಡವಾಗಿ.

1943ರಲ್ಲಿ ಅವರು ಬರೆದ ಒಂದು ಪ್ರಬಂಧ ನಮ್ಮ ಕಥೆಗೆ ಮುಖ್ಯ. ನಕ್ಷತ್ರಗಳ ಗುಂಪಿನ ನಡುವೆ ಭಾರಿ ವಸ್ತುವೊಂದು ಸಾಗಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಜಾತ್ರೆಯಲ್ಲಿ ಎಲ್ಲರಿಗೂ ಬೇಕಾದವರೊಬ್ಬರು ನಡೆದು ಬಂದರೆ ಹಿಂದೆ ಜನ ಸೇರಿ ಸೇರಿ ಅವರ ನಡಿಗೆಯೇ ನಿಧಾನವಾಗುತ್ತದಲ್ಲ, ಹಾಗೆಯೇ ಭಾರಿ ವಸ್ತುವಿನ ಹಿಂದೆ ನಕ್ಷತ್ರಗಳು ಒತ್ತಾಗಿ ಅದನ್ನು ಹಿಂದಕ್ಕೆ ಎಳೆಯುತ್ತವೆ. ವೇಗ ಕಳೆದುಕೊಂಡ ವಸ್ತು ನಡುವಿನತ್ತ ಇಳಿಯುತ್ತದೆ. ಎರಡು ಗೆಲಾಕ್ಸಿಗಳು ಡಿಕ್ಕಿಯಾಗಿ ಒಂದಾದಾಗ ಅವುಗಳ ದೈತ್ಯ ಕಪ್ಪುಕುಳಿಗಳು ಹೊಸ ಗೆಲಾಕ್ಸಿಯ ನಡುವಿಗೆ ಹೇಗೆ ಬರುತ್ತವೆ ಎಂದು ಇಂದು ವಿವರಿಸುವುದು ಈ ಲೆಕ್ಕದಿಂದಲೇ. ಬರೆದಾಗ ಕಪ್ಪುಕುಳಿ ಎಂಬ ಹೆಸರೂ ಇರಲಿಲ್ಲ.

ಕಾಲ ನಿಧಾನವಾಗಿ ಅವರ ಕಡೆ ತಿರುಗಿತು. 1963ರಲ್ಲಿ ಕ್ವೇಸಾರ್ ಎಂಬ ಅತಿ ದೂರದ, ಅತಿ ಪ್ರಕಾಶದ ವಸ್ತುಗಳ ಗುರುತು ಹತ್ತಿತು. ಇಡೀ ಗೆಲಾಕ್ಸಿಯನ್ನು ಮೀರಿಸುವ ಅಷ್ಟು ಬೆಳಕು ಪುಟ್ಟ ಜಾಗದಿಂದ ಬರಬೇಕಾದರೆ ಅಲ್ಲಿ ಭಾರಿ ಕಪ್ಪುಕುಳಿಯೊಂದು ಅನಿಲವನ್ನು ನುಂಗುತ್ತಿರಬೇಕು ಎಂಬ ವಿವರಣೆ ಮರುವರ್ಷವೇ ಬಂತು. 1970ರಲ್ಲಿ ನಮ್ಮ ಕನ್ನಡಿಗರೊಬ್ಬರು ಈ ಕಥೆಗೆ ಬಂದರು. ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯಂತೆ ಒಂದು ನಿರ್ದಿಷ್ಟ ಸ್ವರದಲ್ಲಿ ಮಿಡಿದು ಶಾಂತವಾಗುತ್ತದೆ ಎಂದು ತೋರಿಸಿದರು. ಆ ಸ್ವರಗಳ ಲೆಕ್ಕವನ್ನು 1975ರಲ್ಲಿ ಮುಂದುವರಿಸಿದವರು ಚಂದ್ರಶೇಖರ್ ಮತ್ತು ಡೆಟ್‌ವೈಲರ್. ನಾಲ್ಕು ದಶಕ ದೂರವಿದ್ದ ವಿಷಯಕ್ಕೆ ಚಂದ್ರಶೇಖರ್ ಹೀಗೆ ಅರವತ್ತು ದಾಟಿದ ಮೇಲೆ ಮರಳಿದರು, ಅದೂ ಹೃದಯದ ಕಾಯಿಲೆಯ ನಡುವೆ. 1983ರಲ್ಲಿ ಕಪ್ಪುಕುಳಿಗಳ ಗಣಿತದ ಮೇಲೆ ಅವರ ಬೃಹತ್ ಗ್ರಂಥ ಬಂತು. ವಿಶ್ವೇಶ್ವರ ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಪ್ರವಾಸಕ್ಕೆ ಹೋದಾಗ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಮೊದಲ ಬಾರಿಗೆ ಶನಿಯ ಬಳೆ ನೋಡುವುದು ಅಲ್ಲೇ.

ಅದೇ 1983ರ ಅಕ್ಟೋಬರ್ 19ರಂದು, ಅವರ ಎಪ್ಪತ್ತಮೂರನೆಯ ಹುಟ್ಟುಹಬ್ಬದ ದಿನವೇ, ನೊಬೆಲ್ ಪ್ರಶಸ್ತಿಯ ಸುದ್ದಿ ಬಂತು. ಹಡಗಿನ ಲೆಕ್ಕಕ್ಕೂ ಇದಕ್ಕೂ ನಡುವೆ ಐವತ್ತಮೂರು ವರ್ಷ. ಇನ್ನೂ ದೊಡ್ಡದೆಂದು ನನಗೆ ಅನ್ನಿಸುವುದು ಬೇರೊಂದು ಸಂಗತಿ. 1944ರಲ್ಲಿ ಎಡಿಂಗ್ಟನ್ ತೀರಿಕೊಂಡಾಗ ಅವರನ್ನು ಹೃದಯತುಂಬಿ ಸ್ಮರಿಸಿದವರಲ್ಲಿ ಚಂದ್ರಶೇಖರ್ ಒಬ್ಬರು. ಎಡಿಂಗ್ಟನ್ನರ ಜನ್ಮಶತಾಬ್ದಿಗೆ ಕೇಂಬ್ರಿಡ್ಜಿನಲ್ಲಿ ಉಪನ್ಯಾಸ ಕೊಟ್ಟು, ತಮ್ಮ ಕಾಲದ ಅತಿ ಶ್ರೇಷ್ಠ ಖಗೋಳ ಭೌತವಿಜ್ಞಾನಿ ಅವರೆಂದು ಪುಸ್ತಕ ಬರೆದರು. ಆಗಿದ್ದ ಅನ್ಯಾಯವನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಗುಣವನ್ನು ಅಲ್ಲಗಳೆಯಲೂ ಇಲ್ಲ. ಕೊನೆಯ ವರ್ಷಗಳಲ್ಲಿ ನ್ಯೂಟನ್ನರ ಗ್ರಂಥವನ್ನು ಸಾಮಾನ್ಯ ಓದುಗರಿಗೆ ಬಿಡಿಸಿ ಹೇಳುವ ಪುಸ್ತಕ ಬರೆದು ಮುಗಿಸಿ, 1995ರ ಆಗಸ್ಟ್ 21ರಂದು ಶಿಕಾಗೊದಲ್ಲಿ ತೀರಿಕೊಂಡರು.

ಅವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1999ರ ಜುಲೈ 23ರಂದು ಅಮೆರಿಕದ ನಾಸಾ ಎಕ್ಸ್-ರೇ ದೂರದರ್ಶಕವೊಂದನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಅದಕ್ಕೆ ಹೆಸರು ಸೂಚಿಸಲು ಜನರನ್ನೇ ಕೇಳಿದ್ದರು. ಸಾವಿರಾರು ಪತ್ರಗಳು ಬಂದವು. ಚಂದ್ರಶೇಖರರ ನೆನಪಿಗೆ ಚಂದ್ರ ಎಂದು ಹೆಸರಿಡಿ ಎಂದು ಬರೆದು ಗೆದ್ದವರು ಇಬ್ಬರು. ಒಬ್ಬರು ಹೈಸ್ಕೂಲು ವಿದ್ಯಾರ್ಥಿ, ಇನ್ನೊಬ್ಬರು ಹೈಸ್ಕೂಲು ಶಿಕ್ಷಕಿ. ಹೈಸ್ಕೂಲಿನ ಸಂಚಿಕೆಯಲ್ಲಿ ಇದನ್ನು ಹೇಳದೆ ಇರಲಾರೆ.

ಆ ದೂರದರ್ಶಕ ಆಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ಚಿಕ್ಕದಾದ ಒಂದು ತುಣುಕನ್ನು ಹಲವು ವರ್ಷಗಳಲ್ಲಿ ಬಿಡಿಬಿಡಿಯಾಗಿ ಒಟ್ಟು 70 ಲಕ್ಷ ಸೆಕೆಂಡು, ಎಂದರೆ ಸುಮಾರು ಎಂಬತ್ತು ದಿನ, ದಿಟ್ಟಿಸಿ ನೋಡಿತು. ಸಾವಿರದಷ್ಟು ಎಕ್ಸ್-ರೇ ಚುಕ್ಕಿಗಳು ಕಂಡವು. ಹೆಚ್ಚಿನವು ದೂರದ ಗೆಲಾಕ್ಸಿಗಳ ನಡುವೆ ಬೆಳೆಯುತ್ತಿರುವ ದೈತ್ಯ ಕಪ್ಪುಕುಳಿಗಳು. ನಮ್ಮ ಆಕಾಶಗಂಗೆಯ ನಡುವೆಯೂ ಸುಮಾರು 40 ಲಕ್ಷ ಸೂರ್ಯರ ತೂಕದ ಒಂದಿದೆ. ಅದೇ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರಗಳು ಎಷ್ಟು ಹುಟ್ಟುತ್ತಿವೆ ಎಂಬುದನ್ನು ಬೇರೆ ದೂರದರ್ಶಕಗಳು ಅಳೆಯುತ್ತವೆ. ಎಳೆಯ ನಕ್ಷತ್ರಗಳು ಸುತ್ತಲಿನ ಧೂಳನ್ನು ಬಿಸಿ ಮಾಡುತ್ತವೆ. ಆ ಧೂಳು ಸೂಸುವ ಅವಕೆಂಪು ಬೆಳಕೇ ಲೆಕ್ಕಕ್ಕೆ ಆಧಾರ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಆಶ್ಚರ್ಯ ಕಾದಿತ್ತು. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು. ನಕ್ಷತ್ರಗಳು ಅತಿ ಹೆಚ್ಚು ಹುಟ್ಟಿದ್ದು ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ. ಕಪ್ಪುಕುಳಿಗಳು ಅತಿ ಹೆಚ್ಚು ಬೆಳೆದದ್ದೂ ಹೆಚ್ಚುಕಡಿಮೆ ಆಗಲೇ. ಆಮೇಲೆ ಎರಡೂ ಜೊತೆಜೊತೆಯಾಗಿ ಇಳಿದಿವೆ.

ಕಾರಣವನ್ನು ನಮ್ಮೂರ ಕಡೆಯವರಿಗೆ ಹೇಳುವುದು ಸುಲಭ. ಕೆರೆ ತುಂಬಿದ ವರ್ಷ ತೋಟಕ್ಕೂ ನೀರು, ಬೋರಿಗೂ ನೀರು. ಕೆರೆ ಒಣಗಿದ ವರ್ಷ ಎರಡೂ ಒಣ. ಗೆಲಾಕ್ಸಿಯ ತಣ್ಣನೆಯ ಅನಿಲವೇ ಆ ಕೆರೆ. ಅದರಿಂದಲೇ ನಕ್ಷತ್ರ ಹುಟ್ಟಬೇಕು, ಅದನ್ನೇ ಕುಡಿದು ನಡುವಿನ ಕಪ್ಪುಕುಳಿ ಬೆಳೆಯಬೇಕು. ಆದರೆ ಕಪ್ಪುಕುಳಿ ಬರೀ ಕುಡಿದು ಸುಮ್ಮನಿರುವುದಿಲ್ಲ. ಅದರೊಳಕ್ಕೆ ಬೀಳುವ ಅನಿಲ ಕಾದು ಹೊಮ್ಮಿಸುವ ಬೆಳಕು ಮತ್ತು ಚಿಮ್ಮುವ ಧಾರೆಗಳು ಉಳಿದ ಅನಿಲವನ್ನು ಬಿಸಿ ಮಾಡುತ್ತವೆ, ಹೊರಕ್ಕೆ ತಳ್ಳುತ್ತವೆ. ಅನಿಲ ತಣ್ಣಗಾಗದಿದ್ದರೆ ನಕ್ಷತ್ರ ಹುಟ್ಟುವುದಿಲ್ಲ. ಅತಿಯಾಗಿ ಬೆಳೆದ ಕಪ್ಪುಕುಳಿ ಹೀಗೆ ತನ್ನ ಊಟವನ್ನೂ ಊರಿನ ಬೆಳೆಯನ್ನೂ ಒಟ್ಟಿಗೆ ನಿಲ್ಲಿಸಬಲ್ಲದು. ಒಂದೊಂದೇ ಗೆಲಾಕ್ಸಿ ನೋಡಿದರೆ ಈ ನಂಟು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಏಕೆಂದರೆ ಕಪ್ಪುಕುಳಿಯ ಊಟ ಆಗಾಗ ಹೆಚ್ಚಿ ಆಗಾಗ ನಿಲ್ಲುತ್ತದೆ. ಸಾವಿರಾರು ಗೆಲಾಕ್ಸಿಗಳ ಸರಾಸರಿಯಲ್ಲಿ ಕಾಣುತ್ತದೆ.

ಕಪ್ಪುಕುಳಿ ಎಷ್ಟು ವೇಗವಾಗಿ ಬೆಳೆಯಬಹುದು ಎಂಬುದಕ್ಕೂ ಒಂದು ಮಿತಿ ಇದೆ. ಕಣದಲ್ಲಿ ರಾಶಿ ತೂರುವಾಗ ಗಾಳಿ ಹೊಟ್ಟನ್ನು ಹೊರಕ್ಕೆ ತಳ್ಳುವಂತೆ, ಒಳಗೆ ಬೀಳುವ ಅನಿಲವನ್ನು ಅದರದೇ ಬೆಳಕು ಹೊರಕ್ಕೆ ತಳ್ಳುತ್ತದೆ. ತಳ್ಳುವುದೂ ಸೆಳೆಯುವುದೂ ಸಮವಾದ ಕಡೆ ಮಿತಿ. ಇದರ ಹೆಸರು ಎಡಿಂಗ್ಟನ್ ಮಿತಿ. ನಕ್ಷತ್ರಗಳಿಗಾಗಿ ಅವರು ಮಾಡಿದ್ದ ಲೆಕ್ಕವೇ ಇವತ್ತು, ಅವರು ಇಲ್ಲವೆಂದ ವಸ್ತುವಿನ ಬೆಳವಣಿಗೆಯನ್ನು ಅಳೆಯುವ ಕೋಲು. ಆ ಮಿತಿಯಲ್ಲೇ ಬೆಳೆದರೆ ಕಪ್ಪುಕುಳಿಯ ತೂಕ ಇಮ್ಮಡಿಯಾಗಲು ಸುಮಾರು 3 ಕೋಟಿ ವರ್ಷ ಬೇಕು. ಹತ್ತು ಸೂರ್ಯರ ತೂಕದಿಂದ ಶುರುವಾಗಿ ಒಂದು ಕೋಟಿ ಸೂರ್ಯರಾಗಲು ಇಪ್ಪತ್ತು ಬಾರಿ ಇಮ್ಮಡಿಯಾಗಬೇಕು. ಮಕ್ಕಳು ಗುಣಿಸಿ ನೋಡಬಹುದು. ಎಂದರೆ 60 ಕೋಟಿ ವರ್ಷ. ಆದರೆ 2023ರಲ್ಲಿ ಚಂದ್ರ ಮತ್ತು ಜೇಮ್ಸ್ ವೆಬ್ ದೂರದರ್ಶಕಗಳು ಸೇರಿ, ವಿಶ್ವಕ್ಕೆ ಕೇವಲ 47 ಕೋಟಿ ವರ್ಷವಾಗಿದ್ದಾಗಲೇ ಅಷ್ಟು ಅಥವಾ ಅದಕ್ಕೂ ಹೆಚ್ಚು ತೂಗುತ್ತಿದ್ದ ಕಪ್ಪುಕುಳಿಯೊಂದನ್ನು ಕಂಡವು. ಅದರ ತೂಕ ಆ ಗೆಲಾಕ್ಸಿಯ ಎಲ್ಲ ನಕ್ಷತ್ರಗಳ ಒಟ್ಟು ತೂಕಕ್ಕೆ ಹೆಚ್ಚುಕಡಿಮೆ ಸಮ. ನಮ್ಮ ಹತ್ತಿರದ ಗೆಲಾಕ್ಸಿಗಳಲ್ಲಿ ಅದು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಹಾಗಾದರೆ ಕೆಲವು ಕಪ್ಪುಕುಳಿಗಳು ನಕ್ಷತ್ರದಿಂದಲ್ಲ, ಭಾರಿ ಅನಿಲದ ಮೋಡವೇ ನೇರವಾಗಿ ಕುಸಿದು ಹುಟ್ಟಿರಬೇಕು. ಇದನ್ನು ಮೊದಲೇ ಲೆಕ್ಕ ಹಾಕಿ ಹೇಳಿದವರಲ್ಲಿ ಭಾರತದಲ್ಲಿ ಬೆಳೆದ ಪ್ರಿಯಂವದಾ ನಟರಾಜನ್ ಒಬ್ಬರು. ಒಬ್ಬರ ಹೆಸರಿನ ಕಣ್ಣು, ಇನ್ನೊಬ್ಬರ ಹೆಸರಿನ ಕೋಲು. 1935ರ ಸಭೆಯಲ್ಲಿ ಎದುರಾಳಿಗಳಾಗಿದ್ದವರು ಇಂದು ಒಂದೇ ಲೆಕ್ಕದಲ್ಲಿ ಜೊತೆಯಾಗಿದ್ದಾರೆ.

ಚಂದ್ರಶೇಖರರ ಹೆಸರಿನ ಇನ್ನೊಂದು ಕಣ್ಣು ನಮಗೆ ಹತ್ತಿರದಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹದ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಅಲ್ಲಿ ಕೂತು ಅದನ್ನು ತಿರುಗಿಸಲು ಖಗೋಳ ವಿಜ್ಞಾನ ಓದಿದವರೂ ಬೇಕು, ನನ್ನಂತೆ ಸಾಫ್ಟ್‌ವೇರ್ ಬರೆಯುವವರೂ ಬೇಕು.

ವಿದ್ಯಾರ್ಥಿ ಮಿತ್ರರೇ, ನಮ್ಮ ಶಾಲೆಯ ಬೆಂಚಿನಿಂದ ಎದ್ದು ಹೋಗುವವರಿಗೆ ನಗುವ ಸಭೆಗಳು ಸಿಗುತ್ತವೆ. ಹಳ್ಳಿಯವನೆಂದು, ಕನ್ನಡ ಮಾಧ್ಯಮವೆಂದು, ಚಿಕ್ಕವನೆಂದು ನಗುತ್ತಾರೆ. ಆಗ ಮಾಡಬೇಕಾದ ಕೆಲಸ ಒಂದೇ: ಮನೆಗೆ ಬಂದು ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡುವುದು. ತಪ್ಪಿದ್ದರೆ ತಿದ್ದಿಕೊಳ್ಳಿ. ಸರಿಯಿದ್ದರೆ ಬರೆದಿಟ್ಟು ಮುಂದಿನ ಕೆಲಸಕ್ಕೆ ಹೋಗಿ.